ಒಬ್ಬರೇ ಮಲಗುವ ಟೆಂಟು

ಟೆಂಟು ಒಂದು ಸಾಧಾರಣ ಎಲೆಕೋಸಿಗಿಂತ ಹಗುರವಾಗಿತ್ತು. ಇದು ಅಂದಾಜಿನ ಮಾತಲ್ಲ, ತೂಗಿ ನೋಡಿದ್ದೇನೆ. ಮಾಲೂರಿನಲ್ಲಿ ನಮ್ಮಪ್ಪನದು ತರಕಾರಿ ಬೀಜ, ಗೊಬ್ಬರದ ಅಂಗಡಿ. ಅಲ್ಲಿನ ತಕ್ಕಡಿಯ ಮೇಲೆ ಮೊದಲು ಟೆಂಟಿಟ್ಟೆ. ಆಮೇಲೆ ಗಿರಾಕಿಯೊಬ್ಬರು ಅಪ್ಪನಿಗೆಂದು ವಿಶ್ವಾಸದಿಂದ ತಂದುಕೊಟ್ಟಿದ್ದ ಕೋಸಿಟ್ಟೆ. ಕೋಸು ಗೆದ್ದಿತು. ಅಪ್ಪ ಎರಡನ್ನೂ ನೋಡಿ, "ಕೋಸಾದ್ರೆ ಪಲ್ಯಕ್ಕಾದ್ರೂ ಆಗುತ್ತೆ" ಎಂದರು. ನಾನು ಇಲ್ಲಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ನಂಬದೆ ಇರುವುದಕ್ಕೇ ನನಗೆ ಸಂಬಳ. ಹಾಗಾಗಿ ಟೆಂಟಿನ ಪೆಟ್ಟಿಗೆಯ ಮೇಲಿದ್ದ 'ಹಗುರ' ಎನ್ನುವುದನ್ನು ಪರೀಕ್ಷಿಸಿ ಒಪ್ಪಿಕೊಂಡೆ. ಅದರ ಪಕ್ಕದಲ್ಲೇ ಇದ್ದ 'ಸುಖನಿದ್ರೆ' ಎನ್ನುವುದನ್ನು ಪರೀಕ್ಷಿಸುವುದು ಬಾಕಿ ಉಳಿಯಿತು. ನನಗೆ ಬೇಕಾಗಿದ್ದದ್ದು ಅದೇ.

ಎಲ್ಲಿ ತಲೆ ಇಟ್ಟರೆ ಅಲ್ಲಿ ನಿದ್ದೆ ಹೋಗುವ ಪುಣ್ಯವಂತರು ಇದ್ದಾರೆ. ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಮಲಗಿದವರನ್ನು ನೋಡಿದ್ದೇನೆ. ಪಕ್ಕದಲ್ಲಿ ಕೂತ ಅಪರಿಚಿತರ ಹೆಗಲನ್ನು ತಮ್ಮದೇ ದಿಂಬು ಎಂದುಕೊಳ್ಳುವವರಿಗೆ ನಾನು ಹೆಗಲನ್ನೂ ಕೊಟ್ಟಿದ್ದೇನೆ, ಹೊಟ್ಟೆಕಿಚ್ಚನ್ನೂ ಪಟ್ಟಿದ್ದೇನೆ. ನನಗೆ ನಿದ್ದೆ ಬರುವುದು ಭೂಮಿಯ ಮೇಲೆ ಒಂದೇ ಜಾಗದಲ್ಲಿ, ನಮ್ಮ ಮನೆಯ ನನ್ನ ಕೋಣೆಯಲ್ಲಿ. ಎಂ.ಎಸ್ಸಿ. ಓದುವಾಗ ಹಾಸ್ಟೆಲಿನಲ್ಲಿದ್ದೆ. ಮೊದಲು ದಿಂಬು ತರಿಸಿಕೊಂಡೆ, ಆಮೇಲೆ ಹೊದಿಕೆ, ಆಮೇಲೆ ಹಾಸಿಗೆ. ಇನ್ನು ಗೋಡೆಯೊಂದು ಬಾಕಿ ಎಂದು ಅಮ್ಮ ಹೇಳುತ್ತಿದ್ದಳು. ಮದುವೆ ಛತ್ರಗಳಲ್ಲಿ ಎಲ್ಲರೂ ಮಲಗಿದ ಮೇಲೆ ಸೀಲಿಂಗ್ ಫ್ಯಾನುಗಳನ್ನು ನೋಡುತ್ತ ಬಿದ್ದಿರುವುದು ನನಗೆ ಅಭ್ಯಾಸ.

ಇಷ್ಟೇ ಆಗಿದ್ದರೆ ಯಾರಿಗೂ ಹೇಳದೆ ಇಟ್ಟುಕೊಳ್ಳಬಹುದಿತ್ತು. ನಾನು ಹೇಳದೆ ಇಟ್ಟುಕೊಳ್ಳುವುದರಲ್ಲಿ ನಿಪುಣೆ. ಆದರೆ ನನಗೆ ಬೆಟ್ಟ ಹತ್ತುವ ಆಸೆ. ಹೋದ ವರ್ಷ ಸಕಲೇಶಪುರದ ಕಡೆ ಒಂದು ಚಾರಣಕ್ಕೆ ಹೋದೆ. ರಾತ್ರಿ ಒಂದೇ ಟೆಂಟಿನಲ್ಲಿ ಮೂವರು. ಉಳಿದಿಬ್ಬರು ಗುಬ್ಬಿಗಳಂತೆ ಸದ್ದಿಲ್ಲದೆ ಮಲಗಿದರು, ನಾನು ಬೆಳಗಿನವರೆಗೂ ಅವರ ಸದ್ದಿಲ್ಲದಿರುವಿಕೆಯನ್ನು ಕೇಳುತ್ತಿದ್ದೆ. ಮಾರನೆಯ ದಿನ ಅರ್ಧ ದಾರಿಯಲ್ಲಿ ತಲೆ ಸುತ್ತಿ ಕೂತುಬಿಟ್ಟೆ. ನನ್ನಿಂದಾಗಿ ಇಡೀ ಗುಂಪು ತುದಿ ನೋಡದೆ ಇಳಿಯಬೇಕಾಯಿತು. ಯಾರೂ ಒಂದು ಮಾತೂ ಅನ್ನಲಿಲ್ಲ, ಕಿತ್ತಳೆ ಸುಲಿದು ಕೊಟ್ಟರು. ಬೈದಿದ್ದರೆ ವಾಸಿಯಿತ್ತು.

ಈ ಸಲ ಹಿಮಾಚಲಕ್ಕೆ ಹೊರಟಿರುವ ಹೆಂಗಸರ ಗುಂಪೊಂದಕ್ಕೆ ಹೆಸರು ಕೊಟ್ಟೆ. ಅಲ್ಲಿ ನಿದ್ದೆಗೆಟ್ಟು ಕೂತರೆ ಕಿತ್ತಳೆಯಿಂದ ಪರಿಹಾರವಾಗುವುದಿಲ್ಲ. ತುಂಬ ಯೋಚಿಸಿ ಕಾರಣವನ್ನು ಕಂಡುಹಿಡಿದೆ: ನನಗೆ ಆಗದಿರುವುದು ಬೇರೆಯವರ ಸಾಮೀಪ್ಯ. ಆದ್ದರಿಂದ ಒಬ್ಬರೇ ಮಲಗುವ ಟೆಂಟು. ಆಮೆಯಂತೆ ಮನೆಯನ್ನು ಬೆನ್ನ ಮೇಲೆ ಹೊತ್ತು ಹೋಗುವುದು, ಬಾಗಿಲ ಜಿಪ್ ಎಳೆದುಕೊಳ್ಳುವುದು. ಗುಂಪಿನ ನಾಯಕಿಗೆ, "ನನ್ನ ಟೆಂಟ್ ನಾನೇ ತರುತ್ತೇನೆ, ಹಂಚಿಕೊಳ್ಳುವುದು ಸಾಧ್ಯವಿಲ್ಲ" ಎಂದು ಬರೆದೆ.

ಅಮ್ಮ ನಡುಮನೆಯಲ್ಲಿ ಟೆಂಟನ್ನು ನೋಡಿ, "ಸೊಳ್ಳೆಪರದೆಗೆ ರೈನ್‌ಕೋಟ್ ಹಾಕ್ದಂಗಿದೆ" ಅಂದಳು. ಆಮೇಲೆ, "ಏಮೇ, ಪಿಚ್ಚಿ ಪಟ್ಟಿಂದಾ ನೀಕು?" ಅಂದಳು. ಅವಳ ತವರು ಆಂಧ್ರದ ಗಡಿಯ ರಾಯಲ್ಪಾಡಿನ ಕಡೆ. ಹುಚ್ಚು ಹಿಡಿದಿದೆಯಾ ಎಂಬುದನ್ನು ಅವಳು ಯಾವಾಗಲೂ ತೆಲುಗಿನಲ್ಲೇ ಕೇಳುತ್ತಾಳೆ. ಕನ್ನಡದಲ್ಲಿ ಕೇಳಿದರೆ ಖಾರ ಸಾಲದು ಎಂಬುದು ಅವಳ ಅಭಿಪ್ರಾಯ. ಹಿಮಾಚಲದ ಮಾತಿಗೆ ಮಾತ್ರ ಕನ್ನಡಕ್ಕೆ ಮರಳಿದಳು. "ಅದೆಲ್ಲ ಆಮೇಲೆ. ಮೊದ್ಲು ಇಲ್ಲೇ ಟೇಕಲ್ ಬೆಟ್ಟದ ಮೇಲೆ ಒಂದು ರಾತ್ರಿ ನಿದ್ದೆ ಮಾಡಿ ತೋರ್ಸು. ಕಣ್ಣು ಕೆಂಪಗೆ ಮಾಡ್ಕೊಂಡ್ ಬಂದ್ಯೋ, ಆ ಕಡೆ ಹೆಸರೂ ಎತ್ತಬಾರದು. ಅಪ್ಪ ಜೊತೇಲಿ ಬರ್ತಾರೆ." ಷರತ್ತು ನ್ಯಾಯವಾಗಿಯೇ ಇತ್ತು. ನಾನೇ ನನಗೆ ಹಾಕಿಕೊಂಡಿದ್ದ ಷರತ್ತೂ ಅದೇ. ಇಲ್ಲಿ ನಿದ್ದೆ ಬಾರದಿದ್ದರೆ ಅಲ್ಲಿಗೆ ಹೋಗಿ ಇನ್ನಷ್ಟು ಜನರ ಬೆಟ್ಟವನ್ನು ಹಾಳು ಮಾಡುವ ಹಕ್ಕು ನನಗಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಸ್ಕೂಟರಿನಲ್ಲಿ ಹೊರಟೆವು. ಬೆಟ್ಟದ ಬುಡದಲ್ಲಿ ಅಪ್ಪನ ಗಿರಾಕಿಯೊಬ್ಬರ ಹೊಲ. ಅಲ್ಲಿ ಗಾಡಿ ನಿಲ್ಲಿಸಿ ಅರ್ಧ ಬೆಟ್ಟ ಹತ್ತಿ ಒಂದು ಚಪ್ಪಟೆ ಬಂಡೆಯನ್ನು ಆರಿಸಿಕೊಂಡೆವು. ನನ್ನ ಇಡೀ ಮನೆ ಒಂದು ಕೋಸಿನಷ್ಟಿದ್ದರೆ, ಅಪ್ಪನ ಒಂದು ರಾತ್ರಿಯ ಸಾಮಾನು ಒಂದು ಮೂಟೆ ಕೋಸಿನಷ್ಟಿತ್ತು. ಚಾಪೆ, ಕಂಬಳಿ, ಟಾರ್ಚು, ಮಂಕಿ ಟೋಪಿ, ಚಿತ್ರಾನ್ನದ ಡಬ್ಬಿ, ಮತ್ತೆ ಯಾಕೆಂದು ನನಗೆ ಆಗ ಅರ್ಥವಾಗದ ದೊಡ್ಡದೊಂದು ಫ್ಲಾಸ್ಕಿನ ತುಂಬ ಕಾಫಿ. ಗೂಟ ಹೊಡೆಯಲು ಮೆತ್ತನೆಯ ನೆಲವನ್ನು ಆರಿಸಿಕೊಳ್ಳಿ ಎಂದು ಟೆಂಟಿನ ಜೊತೆಗಿದ್ದ ಚೀಟಿಯಲ್ಲಿತ್ತು. ಅದನ್ನು ಬರೆದವರು ಕೋಲಾರದ ಬೆಟ್ಟಗಳನ್ನು ನೋಡಿದವರಲ್ಲ. ಇಲ್ಲಿ ನೆಲಕ್ಕೆ ಗೂಟ ಹೊಡೆದರೆ ಗೂಟವೇ ಮಣಿಯುತ್ತದೆ. ಕೊನೆಗೆ ದಾರಗಳನ್ನು ಕಲ್ಲುಗಳಿಗೆ ಕಟ್ಟಿ, ನಡುವೆ ಕೋಲು ಕೊಟ್ಟು, ಹೇಗೋ ನಿಲ್ಲಿಸಿದೆವು. ಅಪ್ಪ ಸುತ್ತ ಒಂದು ಪ್ರದಕ್ಷಿಣೆ ಬಂದು, "ಇದ್ರೊಳಗೆ ಹೋಗೋದಾ, ಇಲ್ಲ ಇದನ್ನ ಹಾಕ್ಕೊಳ್ಳೋದಾ?" ಎಂದು ಕೇಳಿದರು.

ಒಪ್ಪಂದದ ಪ್ರಕಾರ ನಾನು ಒಳಗೆ, ಅಪ್ಪ ಹೊರಗೆ ಚಾಪೆಯ ಮೇಲೆ. ಆದರೆ ಮಾಗಿಯ ಚಳಿ ನಮ್ಮ ಒಪ್ಪಂದದಲ್ಲಿ ಭಾಗಿಯಾಗಿರಲಿಲ್ಲ. ಊಟವಾಗಿ ಸ್ವಲ್ಪ ಹೊತ್ತಿಗೆಲ್ಲ ಇಬ್ಬನಿ ಇಳಿಯತೊಡಗಿತು. ಟಾರ್ಚು ಬಿಟ್ಟು ನೋಡಿದರೆ ಕಂಬಳಿಯ ಮೇಲೆಲ್ಲ ಹನಿ. ಅಪ್ಪ ಅದರೊಳಗೆ ಮಂಕಿ ಟೋಪಿ ಹಾಕಿಕೊಂಡು ಗೌರವದಿಂದ ನಡುಗುತ್ತಿದ್ದರು. "ಒಳಗೆ ಬಾ ಅಪ್ಪ" ಅಂದೆ. "ಒಬ್ಬರ ಟೆಂಟಲ್ವೇನಮ್ಮ, ನಿನ್ನ ಟೆಸ್ಟ್ ಕೆಟ್ಟೋಗುತ್ತೆ" ಅಂದರು. ಅವರ ಹಲ್ಲುಗಳು ಕಟಕಟ ಅನ್ನುವುದನ್ನು ಕೇಳುತ್ತ ಯಾವ ಪರೀಕ್ಷೆಯನ್ನೂ ಮಾಡಲು ಬರುವುದಿಲ್ಲ. ಬಲವಂತವಾಗಿ ಒಳಗೆ ಎಳೆದುಕೊಂಡೆ. ನನ್ನ ತಲೆ ಒಂದು ಕಡೆ, ಅವರ ತಲೆ ಇನ್ನೊಂದು ಕಡೆ. ನನ್ನ ಕಿವಿಯ ಪಕ್ಕದಲ್ಲಿ ಅಪ್ಪನ ಉಣ್ಣೆ ಕಾಲುಚೀಲ. ಒಬ್ಬರು ಮಗ್ಗುಲು ಬದಲಿಸಬೇಕಾದರೆ ಇನ್ನೊಬ್ಬರ ಅನುಮತಿ ಬೇಕು. ನಮ್ಮ ಉಸಿರು ಹೋಗಿ ಬಟ್ಟೆಗೆ ತಾಗಿ ಹನಿಯಾಗಿ ಹಣೆಯ ಮೇಲೆ ಬೀಳುತ್ತಿತ್ತು. ಹೀಗಿದ್ದರೂ ನನಗೆ ನಿದ್ದೆ ಬಾರದಿರಲು ಇದ್ಯಾವುದೂ ಕಾರಣ ಅನಿಸಲಿಲ್ಲ. ಅದೇ ಹಳೆಯ ಕಾಯಿಲೆ: ಎಲ್ಲೆಲ್ಲೂ ಮೌನ, ಅದರ ನಡುವೆ ಎಚ್ಚರವಾಗಿರುವ ನಾನು.

ಕೆಳಗೆ ಸ್ಟೇಷನ್ನಿನ ಕಡೆಯಿಂದ ರೈಲೊಂದು ಕೂಗಿತು. "ಮದ್ರಾಸ್ ಕಡೇದು" ಎಂದು ನನ್ನ ಕಾಲ ಬಳಿಯಿಂದ ಧ್ವನಿ ಬಂತು.

"ಅಪ್ಪಾ, ನಿದ್ದೆ ಬರ್ಲಿಲ್ವಾ?"

"ಬಂದಿದೆ."

"ನಿದ್ದೆ ಬಂದೋರು ಮಾತಾಡಲ್ಲ."

"ನೀನು ಮಲಕ್ಕೊ. ನಾನು ಮಲಗಿದ್ರೆ ಗೊರಕೆ ಬರುತ್ತೆ ಕಣಮ್ಮ. ಏನೇ ಆದ್ರೂ ಕಣ್ಣು ಮುಚ್ಬೇಡಿ, ಮಗು ನಿದ್ದೆ ಕೆಡುತ್ತೆ ಅಂತ ನಿಮ್ಮಮ್ಮ ಹೇಳಿ ಕಳ್ಸಿದಾಳೆ. ಅದಕ್ಕೇ ಕಾಫಿ."

ಅಪ್ಪನ ಗೊರಕೆ ನಮ್ಮ ಬೀದಿಗೆಲ್ಲ ಗೊತ್ತಿರುವ ವಿಷಯ. ಅದರಲ್ಲಿ ಟ್ರ್ಯಾಕ್ಟರು ದಿಬ್ಬ ಏರುವ ಭಾಗವೊಂದಿದೆ, ಏರಿದ ಮೇಲೆ ಎಂಜಿನ್ ಆಫ್ ಆದಂತೆ ಒಂದು ವಿರಾಮವಿದೆ, ಆಮೇಲೆ ಮತ್ತೆ ದಿಬ್ಬ. ನಾವು ತಮಾಷೆ ಮಾಡುತ್ತೇವೆ, ಅವರೂ ನಗುತ್ತಾರೆ. ಆದರೆ ನೆಂಟರ ಮದುವೆಗಳಲ್ಲಿ ಅವರು ಛತ್ರದೊಳಗೆ ಮಲಗುವುದಿಲ್ಲ, ಹೊರಗೆ ವ್ಯಾನಿನಲ್ಲಿ ಗಾಜು ಏರಿಸಿಕೊಂಡು ಮಲಗುತ್ತಾರೆ. ಮನೆಯಲ್ಲೂ ಬೇಸಿಗೆಯಿರಲಿ ಚಳಿಯಿರಲಿ ತಮ್ಮ ಕೋಣೆಯ ಬಾಗಿಲನ್ನು ಭದ್ರವಾಗಿ ಹಾಕಿಕೊಳ್ಳುತ್ತಾರೆ. ನಗುವವರಿಗೂ ನಾಚಿಕೆ ಇರುತ್ತದೆ ಎಂಬುದು ಆ ಟೆಂಟಿನೊಳಗೆ ನನಗೆ ಹೊಳೆಯಿತು. ಮಧ್ಯಾಹ್ನದವರೆಗೂ ಅಂಗಡಿಯಲ್ಲಿ ಮೂಟೆ ಎತ್ತಿಸಿ ಇಳಿಸಿ ದಣಿದು ಬಂದ ಮನುಷ್ಯ, ಮಗಳ ನಿದ್ದೆಗಾಗಿ ಕಾಫಿ ಕುಡಿದು ಕಣ್ಣು ಬಿಟ್ಟುಕೊಂಡು ಬಿದ್ದಿದ್ದರು. "ಮಲಗು ಅಪ್ಪ, ನಂಗೇನೂ ಆಗಲ್ಲ" ಅಂದೆ. ಎಚ್ಚರವಾಗಿರುವ ಶಕ್ತಿ ಅವರಲ್ಲಿ ಇನ್ನು ಉಳಿದಿರಲಿಲ್ಲ ಎಂದು ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರು ಮೆಲ್ಲಗೆ ದಿಬ್ಬ ಹತ್ತತೊಡಗಿತು. ಅದು ಮೇಲೆ ತಲುಪಿತೋ ಇಲ್ಲವೋ ನನಗೆ ಗೊತ್ತಿಲ್ಲ.

ಆಮೇಲೆ ನನ್ನ ಕಿವಿಗೆ ಬಿದ್ದದ್ದು ಹೊರಗೆ ಇಬ್ಬರು ಗಂಡಸರ ಪಿಸುಮಾತು.

"ಲೇ ನಂಜಪ್ಪ, ಹತ್ರ ಹೋಗ್ಬೇಡ ಕಣೋ. ಒಳಗೆ ಏನೋ ಐತೆ."

"ಕರಡಿ ಇದ್ದಂಗೈತೆ ಬಾಷಾ."

"ಕರಡಿ ಬಂದು ಟೆಂಟ್ ಹಾಕ್ಕೊಂತದೇನೋ?"

"ಹಾಕ್ದೋರ್ನ ತಿಂದು ಮಲಗಿರ್ಬೋದಲ್ಲ."

ನನ್ನ ಮುಖವನ್ನು ಮೊದಲು ಕನ್ನಡಿಗೆ ತೋರಿಸದೆ ಮನುಷ್ಯರಿಗೆ ತೋರಿಸುವ ಅಭ್ಯಾಸ ನನಗಿಲ್ಲ. ಆದರೆ ನಂಜಪ್ಪನ ಕೈಯಲ್ಲಿ ಕೋಲಿದ್ದದ್ದು ಟೆಂಟಿನ ಪರದೆಯ ಮೂಲಕ ಕಾಣುತ್ತಿತ್ತು. ಜಿಪ್ ಎಳೆದು, ಕೆದರಿದ ತಲೆಯನ್ನು ಹೊರಗೆ ಹಾಕಿ, "ಕರಡಿ ಅಲ್ಲ, ನಮ್ಮಪ್ಪ" ಅಂದೆ. ದಿನವೂ ಬೆಟ್ಟ ಹತ್ತಿ ಇಳಿಯುವ ಟೇಕಲಿನ ಹಿರಿಯರು ಅವರು. ನಂಜಪ್ಪ ಕೋಲನ್ನು ಬೆನ್ನ ಹಿಂದೆ ಮರೆಮಾಡಿಕೊಂಡರು. ಬಾಷಾ ಸಾಹೇಬರು ಬಗ್ಗಿ ಆಲಿಸಿ, ಸಂಗೀತ ಕಛೇರಿಗೆ ಬಂದವರಂತೆ ತಲೆದೂಗಿ, "ಎಬ್ಬಿಸ್ಬೇಡ, ಮಲಗ್ಲಿ ಬಿಡು" ಎಂದು ದನಿ ತಗ್ಗಿಸಿದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ಇಂಥದ್ರ ಪಕ್ಕ ನಿಂಗೆ ಹೆಂಗ್ ನಿದ್ದೆ ಬಂತು ಬೇಟಿ?"

ಆಗಲೇ ನನಗೆ ತಿಳಿದದ್ದು, ನಾನು ಮಲಗಿದ್ದೆ ಎಂದು. ಬಿಸಿಲು ಬಂಡೆಯ ಮೇಲೆ ಪೂರ್ತಿ ಬಂದಿತ್ತು. ಅವರು ಇಳಿದು ಹೋದ ಮೇಲೆ ನನ್ನ ವೃತ್ತಿಗೆ ತಕ್ಕಂತೆ ಕೂತು ಯೋಚಿಸಿದೆ. ಚಳಿ ಅದೇ, ಬಂಡೆ ಅದೇ, ಹಣೆಗೆ ಬೀಳುವ ಹನಿ ಅದೇ, ಕಿವಿಯ ಪಕ್ಕದ ಕಾಲುಚೀಲವೂ ಅದೇ. ರಾತ್ರಿಯ ಎರಡು ಭಾಗಗಳ ನಡುವೆ ಬದಲಾದದ್ದು ಒಂದೇ ಒಂದು. ಮನೆಯಲ್ಲಿ ನನ್ನ ಕೋಣೆಗೂ ಅಪ್ಪ ಅಮ್ಮನ ಕೋಣೆಗೂ ನಡುವೆ ಇರುವುದು ಒಂದೇ ಇಟ್ಟಿಗೆಯ ಗೋಡೆ. ಹಾಸ್ಟೆಲಿಗೆ ದಿಂಬು, ಹೊದಿಕೆ, ಹಾಸಿಗೆ ಎಲ್ಲವನ್ನೂ ಹೊತ್ತುಕೊಂಡು ಹೋದವಳು, ಬೇಕಾದದ್ದನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗಿದ್ದೆ. ಇಷ್ಟು ವರ್ಷ ನನ್ನನ್ನು ಮಲಗಿಸುತ್ತಿದ್ದದ್ದು ಆ ಟ್ರ್ಯಾಕ್ಟರು.

ಇಂಥ ಮಾತನ್ನು ಅಪ್ಪನಿಗೆ ಹೇಗೆ ಹೇಳುವುದು? ನಮ್ಮಿಬ್ಬರ ನಡುವೆ ಹೆಚ್ಚು ಮಾತಿಲ್ಲ. ಇರುವ ಮಾತು ಗೊಬ್ಬರದ ಲಾರಿ ಬಂತೇ ಎಂಬ ಜಾತಿಯದು. ವಾಪಸು ಬರುವಾಗ ರೈಲ್ವೆ ಗೇಟು ಹಾಕಿತ್ತು. ಅಪ್ಪ ಎಂಜಿನ್ ಆಫ್ ಮಾಡಿದರು. ಹಿಂದೆ ಕೂತವಳಿಗೆ ಮುಖ ನೋಡಿ ಮಾತಾಡುವ ಕಷ್ಟವಿಲ್ಲ.

"ಅಪ್ಪಾ, ನೀನು ಗೊರಕೆ ಶುರು ಮಾಡಿದ್ಮೇಲೇ ನಂಗೆ ನಿದ್ದೆ ಬಂದಿದ್ದು."

"ಸಮಾಧಾನಕ್ಕೆ ಹೇಳ್ಬೇಡ ಕಣಮ್ಮ."

"ನಾನು ಸಮಾಧಾನಕ್ಕೆ ಅಂತ ಯಾವತ್ತಾದ್ರೂ ಏನಾದ್ರೂ ಹೇಳಿದೀನಾ?"

ರೈಲಿನ ಅಷ್ಟೂ ಬೋಗಿಗಳು ದಾಟಿ ಹೋಗುವವರೆಗೂ ಅವರು ಯೋಚಿಸಿದರು. "ಇಲ್ಲ" ಎಂದರು. ಗಾಡಿ ಸ್ಟಾರ್ಟ್ ಮಾಡಿದರು.

ಮನೆಯಲ್ಲಿ ಅಮ್ಮ ಬಾಗಿಲಲ್ಲೇ ನನ್ನ ಕಣ್ಣುಗಳನ್ನು ಪರೀಕ್ಷಿಸಿದಳು. ಕೆಂಪಿರಲಿಲ್ಲ. "ನಿದ್ದೆ ಬಂತಾ?" ಅಂದಳು. "ಬಂತು" ಅಂದೆ. ಅದು ನಿಜ. ಹೇಗೆ ಬಂತೆಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಕೇಳುವ ವ್ಯವಧಾನವೂ ಅವಳಿಗಿರಲಿಲ್ಲ; ಅವಳ ಮುಖ ಹಬ್ಬದ ಮುಖದಂತೆ ಹೊಳೆಯುತ್ತಿತ್ತು. "ಹಾಲಿನವ್ನು ಬೆಲ್ ಮಾಡಿ ಮಾಡಿ ಪಕ್ಕದ್ಮನೇಲಿ ಕೊಟ್ಟೋಗಿದಾನೆ ಕಣೇ. ಮದುವೆಯಾದ್ಮೇಲೆ ಇಂಥ ನಿದ್ದೆ ಮಾಡೇ ಇಲ್ಲ ನಾನು. ಹೋಗ್ಬಾ ಹಿಮಾಚಲಕ್ಕೆ." ಒಂದು ಕ್ಷಣ ಬಿಟ್ಟು, "ಅಪ್ಪನ್ನೂ ಕರ್ಕೊಂಡ್ ಹೋಗಕ್ಕೆ ಆಗುತ್ತೇನೇ? ಎಷ್ಟು ದಿನ ಅಂದೆ?" ಎಂದಳು. ಅದು ಹೆಂಗಸರ ಗುಂಪು ಎಂದು ನೆನಪಿಸಿದೆ. ಹಾಗೆ ನೆನಪಿಸುವಾಗ ಅವಳಿಗಿಂತ ನನಗೇ ಹೆಚ್ಚು ಬೇಸರವಾಯಿತು.

ಆ ರಾತ್ರಿ ಅಪ್ಪನ ಕೋಣೆಯ ಬಾಗಿಲು ಹಾಕಿದ ಸದ್ದು ಕೇಳಿಸಲಿಲ್ಲ. "ಬಾಗಿಲು ಯಾಕ್ರೀ ತೆಗೆದಿಟ್ಟಿದೀರ, ಸೊಳ್ಳೆ ಬರುತ್ತೆ" ಎಂದು ಅಮ್ಮ ಗದರುವುದು ಕೇಳಿಸಿತು. "ಇರ್ಲಿ ಬಿಡೇ, ಸ್ವಲ್ಪ ಗಾಳಿ ಆಡ್ಲಿ" ಎಂದು ಅಪ್ಪ ಹೇಳಿದ್ದೂ ಕೇಳಿಸಿತು. ಮಾಗಿಯ ಚಳಿಯಲ್ಲಿ ಗಾಳಿ ಬೇಕೆಂದ ಆ ಮನುಷ್ಯ, ದಣಿವು ಇನ್ನೂ ಆರಿರಲಿಲ್ಲವೇನೋ, ಕೂಡಲೇ ದಿಬ್ಬ ಹತ್ತಲು ಶುರು ಮಾಡಿದರು. ಈ ಸಲ ಏನನ್ನೂ ತಡೆಹಿಡಿಯದೆ.

ಮಾರನೆಯ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಚಾರಣದ ನಾಯಕಿಗೆ ಸಂದೇಶ ಬರೆಯಲು ಕೂತೆ. ಟೆಂಟ್ ಹಂಚಿಕೊಳ್ಳುವುದು ಸಾಧ್ಯವಿಲ್ಲವೆಂದು ಹಿಂದೆ ತಿಳಿಸಿದ್ದೆ, ಈಗ ಸಾಧ್ಯವಿದೆ ಎಂದು ಬರೆದೆ. ನಮ್ಮ ಗುಂಪಿನಲ್ಲಿ ಗೊರಕೆ ಹೊಡೆಯುತ್ತಾರೆಂದು ಬೇರೆ ಯಾರೂ ಜೊತೆಗೆ ಮಲಗಲು ಒಪ್ಪದಂಥವರು ಇದ್ದರೆ ದಯವಿಟ್ಟು ಅವರನ್ನು ನನ್ನ ಜೊತೆಗೆ ಹಾಕಿ ಎಂದೂ ಬರೆದೆ. ಕಾರಣವನ್ನು ಬರೆಯಲಿಲ್ಲ, ಅದು ನನ್ನ ಖಾಸಗಿ ವಿಷಯ. ಕಳಿಸುವ ಮೊದಲು ಅಭ್ಯಾಸದಂತೆ ಇನ್ನೊಮ್ಮೆ ಓದಿ ನೋಡಿದಾಗ ನಿರ್ದಿಷ್ಟತೆ ಸಾಲದು ಅನಿಸಿತು. 'ನಡುನಡುವೆ ನಿಲ್ಲಿಸಿ ಮತ್ತೆ ಶುರು ಮಾಡುವವರಾದರೆ ಒಳ್ಳೆಯದು' ಎಂದು ಸೇರಿಸಿ ಕಳಿಸಿದೆ.