ದೊಡ್ಡಪ್ಪನ ಗದ್ದೆಯೊಳಗೆ ಚಿಕ್ಕಪ್ಪನ ದೇಶ

ಕಮಲಾಪುರದಲ್ಲಿ ದಿನಾ ವಿದೇಶಕ್ಕೆ ಹೋಗಿಬರುವ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಚಿಕ್ಕಪ್ಪ. ನಂಬುವುದಿಲ್ಲವೇ? ಬೆಳಿಗ್ಗೆ ಚಹಾ ಕುಡಿದು, ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಟರೆ, ಗಡಿ ದಾಟಿದ ಮೇಲೆಯೇ ಅವನ ಬಾಳೆತೋಟ ಸಿಗುವುದು. ಗಡಿ ಎಂದರೆ ದೊಡ್ಡಪ್ಪನ ಗದ್ದೆಯ ಬದು.

ಅಣ್ಣತಮ್ಮಂದಿರು ಪಾಲಾದಾಗ ಯಾವ ಪುಣ್ಯಾತ್ಮ ಗೆರೆ ಎಳೆದನೋ, ದೊಡ್ಡಪ್ಪನ ಭತ್ತದ ನಟ್ಟನಡುವೆ ಚಿಕ್ಕಪ್ಪನದೊಂದು ಬಾಳೆಯ ತುಣುಕು ಉಳಿಯಿತು. ಚಿಕ್ಕಪ್ಪನ ಕಬ್ಬಿನ ನಡುವೆ ದೊಡ್ಡಪ್ಪನದೊಂದು. ಆಮೇಲೆ ಕಾಲುವೆ ನೀರಿನ ಸರದಿಗೆ ಜಗಳವಾಗಿ ಇಬ್ಬರ ಮಾತೂ ನಿಂತಿತು. ಚಿಕ್ಕಮ್ಮ ತೀರಿಕೊಂಡಾಗ ಚಿಕ್ಕಪ್ಪ ಅವಳನ್ನು ಆ ಬಾಳೆಯ ತುಣುಕಿನಲ್ಲೇ ಮಣ್ಣು ಮಾಡಿದ. ಮಕ್ಕಳಿಲ್ಲದ ಮನುಷ್ಯ. ದಿನಾ ಹೋಗಿ ಅವಳ ಹತ್ತಿರ ಒಂದಿಷ್ಟು ಹೊತ್ತು ಕೂತು ಬಾರದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಬದುವಿನ ಮೇಲೆ ನಿಂತು, ಆಕಾಶ ನೋಡುತ್ತ ಕೇಳುತ್ತಿದ್ದ: "ದಾಟಬಹುದೇನ್ರಿ?"

ದೊಡ್ಡಪ್ಪ ತನ್ನ ಎಮ್ಮೆಗೆ ಹೇಳುತ್ತಿದ್ದ: "ದಾಟ್ಲಿ ಅಂತ ಹೇಳಲೇ. ಸಸಿ ತುಳೀಬ್ಯಾಡ ಅಂತನೂ ಹೇಳು."

ಪಾಪದ ಎಮ್ಮೆ, ಎರಡು ದೇಶಗಳ ರಾಯಭಾರಿ!

ಭಾರತ ಮತ್ತು ಬಾಂಗ್ಲಾದೇಶ ಒಂದರೊಳಗೊಂದು ಸಿಕ್ಕಿಕೊಂಡಿದ್ದ ತುಣುಕುಗಳನ್ನು ಬದಲಿ ಮಾಡಿಕೊಂಡ ಸುದ್ದಿ ಪೇಪರಿನಲ್ಲಿ ಬಂದದ್ದೇ ತಡ, ಚಿಕ್ಕಪ್ಪ ಹೋಟೆಲಿನಲ್ಲಿ ಎಲ್ಲರ ಮಿರ್ಚಿ ಭಜಿ ಆರುವ ತನಕ ಅದನ್ನು ಓದಿ ಹೇಳಿದ. "ನೋಡ್ರಿ, ಅವ್ರ ದೇಶದೊಳಗ ನಮ್ಮ ತುಣುಕಂತ, ಅದರೊಳಗ ಮತ್ತ ಅವರದಂತ, ಅದರೊಳಗ ಮತ್ತ ನಮ್ದಂತ. ಅಂಥಾದ್ದು ಬಗಿಹರೀತು. ನಮ್ಮಣ್ಣ ಯಾವ ದೊಡ್ಡ ದೇಶ?"

ನಾನೇ ದೂತನಾಗಿ ಹೋದೆ. ದೊಡ್ಡಪ್ಪ ತಟ್ಟನೆ ಒಪ್ಪಿದ. "ನಂದು ಅವಂಗ, ಅವಂದು ನಂಗ. ಇಷ್ಟಕ್ಕ ಬಾಂಗ್ಲಾದೇಶ ಬೇಕಾತೇನು?"

ಆದರೆ ಮೂವರೂ ಹೊಸಪೇಟೆಯ ನೋಂದಣಿ ಕಚೇರಿಗೆ ಹೋಗಿ, ಸಹಿ ಹಾಕುವ ಹೊತ್ತಿಗೆ ಚಿಕ್ಕಪ್ಪ ಪೆನ್ನು ಕೆಳಗಿಟ್ಟ.

"ಬಾಂಗ್ಲಾದೇಶದ ಕಡೆ ಆ ತುಣುಕಿನಾಗ ಇರೋ ಮಂದಿನ ಕೇಳಿದ್ರಂತ್ರಿ, ಯಾವ ದೇಶದಾಗ ಇರ್ತೀರಿ ಅಂತ. ನಾವು ಕೇಳೇ ಇಲ್ಲ."

ಗುಮಾಸ್ತ ಗಾಬರಿಯಾದ. "ಜಮೀನಿನ್ಯಾಗ ಯಾರರ ವಾಸ ಅದಾರೇನ್ರಿ?"

"ಒಬ್ಬಾಕಿ ಅದಾಳ."

"ಮೊದಲು ಖಾಲಿ ಮಾಡಿಸ್ರಿ. ಆಮ್ಯಾಲೆ ತಕರಾರು ಬ್ಯಾಡ."

ನನಗೆ ನಗು ಬಂತು; ಆದರೆ ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತ್ತು. ಸಹಿ ಮಾಡಿದರೆ ಚಿಕ್ಕಮ್ಮ ಮಲಗಿದ ನೆಲ ದೊಡ್ಡಪ್ಪನದಾಗುತ್ತದೆ; ನಾಳೆ ಅದರ ಮೇಲೆ ಟ್ರ್ಯಾಕ್ಟರ್ ಓಡಿದರೆ ಬ್ಯಾಡ ಎನ್ನಲು ಇವನು ಯಾರು? ಮಾಡದಿದ್ದರೆ ಇದ್ದಷ್ಟು ದಿನವೂ ಬದುವಿನ ಮೇಲೆ ನಿಂತು ಬೇಡಬೇಕು. ಅಯ್ಯೋ ಅನ್ನಿಸಿತು. ಯಾಕಾದರೂ ದೂತನಾಗಿ ಹೋದೆನೋ ಎಂದು ಗೋಡೆ ನೋಡುತ್ತ ಕೂತೆ.

ದೊಡ್ಡಪ್ಪ ಆ ಪೆನ್ನನ್ನು ಗುಮಾಸ್ತನ ಕಡೆ ಸರಿಸಿದ. ಆಮೇಲೆ ಗುಮಾಸ್ತನಿಗೆ ಹೇಳಿದ: "ಬದಲಿ ಬ್ಯಾಡ ಬಿಡ್ರಿ. ಅಕಿ ಅವನ ಹೊಲದಾಗ ಇರ್ಲಿ. ರಸ್ತೆಯಿಂದ ಅಲ್ಲಿ ಮಟ ನನ್ನ ಗದ್ಯಾಗ ಅವಂಗ ದಾರಿ ಬರೀರಿ."

"ಎಷ್ಟು ಅಗಲ ಬರೀಲಿ?"

"ನಾಕು ಮಂದಿ ಹೆಗಲು ಕೊಟ್ಟು ಬರೋವಷ್ಟು. ಮುಂದ ಅವನೂ ಅಲ್ಲಿಗೇ ಹೋಗಾವ."

ಚಿಕ್ಕಪ್ಪ ದೊಡ್ಡಪ್ಪನ ಕಡೆ ತಿರುಗಿದ. "ಮುಂದಿನ ಹೆಗಲು ನೀನ ಕೊಡಬೇಕಣ್ಣಾ" ಎಂದವನು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟ.