ಒಣ ಎರೆಗೆ ಹೊಡೆದ ಕಸದ ಎಣ್ಣೆ

ಈ ಪಾಠಕ್ಕೆ ನಾನು ತೆತ್ತದ್ದು ಒಂದು ಎಕರೆ ತೊಗರಿ ಮೊಳಕೆ. ಅದೂ ಎಂಥ ತೊಗರಿ! ನನ್ನ ಹೆಂಡತಿ ನೀಲಮ್ಮ ಒಂದೊಂದೇ ಕಾಳು ಆರಿಸಿ, ಬೂದಿ ಬೆರೆಸಿ ಕಾದಿಟ್ಟ ತವರಿನ ಬೀಜ. ಕಾರಣ, ನನ್ನ ಜಾಣತನ.

ಶಹಾಬಾದದಲ್ಲಿ ಬರಿಗೈಯಿಂದ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರ ಕಟ್ಟಿದವನು ನಾನು. ಚಿತ್ತಾಪುರದ ಹತ್ತಿರ ಕಪ್ಪು ಎರೆಮಣ್ಣಿನ ಹೊಲವನ್ನೂ ಚೌಕಾಸಿ ಮಾಡಿಯೇ ಕೊಂಡೆ. ತೊಗರಿ ಬಿತ್ತಿ ಎರಡು ದಿನವಾಗಿತ್ತು. ಕಸ ಹುಟ್ಟುವ ಮೊದಲೇ ಹೊಡೆಯುವ ಕಳೆನಾಶಕ ತಂದೆ; ನಮ್ಮ ಕಡೆ ಅದಕ್ಕೆ ಕಸದ ಎಣ್ಣೆ ಅನ್ನುತ್ತಾರೆ. ಒಳಗೆ ತೇವವಿದ್ದರೂ ಬಿಸಿಲಿಗೆ ಮೇಲ್ಮಣ್ಣು ಒಣಗಿ ಹಪ್ಪಳವಾಗಿತ್ತು.

ಪಕ್ಕದ ಹೊಲದ ಶರಣಪ್ಪ ಕಾಕಾ ಬದುವಿನಿಂದಲೇ ಕೂಗಿದರು: "ಸಾವಕಾರ್ರ, ತಡೀರಿ! ನೆಲ ಹಸಿ ಆಗ್ಲಿ."

"ಕಾಕಾ, ಕಲ್ಲಿಗಿ ಬಣ್ಣ ಹಚ್ಚಬೇಕಂದ್ರ ಒಣಾ ಇರಬೇಕು. ಹಸಿ ಇದ್ರ ಹಿಡಿಯಂಗಿಲ್ಲ. ಮೂವತ್ತು ವರ್ಷದ ಅನುಭವ ಅದ ನಂದು!"

"ಕಲ್ಲಿನಾಗ ಅದರಿ. ಮಣ್ಣಿನಾಗ?"

ನಾನು ಪಂಪು ಒತ್ತಿದೆ.

ನನ್ನ ಲೆಕ್ಕ ತಪ್ಪಿರಲಿಲ್ಲ. ಮಣ್ಣು ಹಿಡಿಯಿತು. ಹಿಡಿದದ್ದನ್ನು ಬಿಡಲೇ ಇಲ್ಲ! ಐದನೆಯ ದಿನ ಕಸ ಹಸಿರಾಗಿ ಎದ್ದು ನಿಂತಿತು. ಅಂಗಡಿಯವನು ನಕಲಿ ಮಾಲು ಕೊಟ್ಟನೆಂದು ಬೈದು, ಎರಡು ಪಟ್ಟು ಬೆರೆಸಿ ಇನ್ನೊಮ್ಮೆ ಹೊಡೆದೆ. ಮರುದಿನ ಮಧ್ಯಾಹ್ನ ಮಳೆ ಸುರಿಯಿತು. ತೊಗರಿ ತಲೆ ಎತ್ತಿತು, ಸುತ್ತ ನೋಡಿತು, ಹಳದಿಯಾಗಿ ಮಲಗಿತು. ಮೊದಲೇ ಎದ್ದಿದ್ದ ಕಸ ಮಾತ್ರ ಆರಾಮಾಗಿತ್ತು!

ನೀಲಮ್ಮ ಬಂದು ಸೊಂಟಕ್ಕೆ ಕೈಯಿಟ್ಟು ನೋಡಿದಳು. "ಕಸಾ ಭಾಳ ಚಂದ ಬಂದದ ನೋಡ್ರಿ. ರಾಶಿ ಯಾವಾಗ ಮಾಡೋಣು?"

ಕಾಕಾ ನಗಲಿಲ್ಲ. "ಎರಿ ಒಣಗಿತ್ತಂದ್ರ ಎಣ್ಣಿ ಗಟ್ಟಿ ಹಿಡಕೊಂತದರಿ. ತೇವ ಬಂತಂದ್ರ ಅದರ ಜಾಗಾದಾಗ ನೀರು ಕುಂದರ್ತದ, ಎಣ್ಣಿ ಬಿಡ್ತದ. ನೀವು ಎರಡು ಸಲ ಕೊಟ್ಟದ್ದು ಒಮ್ಮಿಗೇ ಬಿಡ್ತು."

ಒಂದು ಹಿಡಿ ಮಣ್ಣು ಎತ್ತಿ ನೋಡಿದೆ. ಅಬ್ಬಾ! ಕೈಯಿಲ್ಲ, ಬಾಯಿಲ್ಲ, ಆದರೂ ಕಣ್ಣಿಗೆ ಕಾಣದ ವಿಷವನ್ನು ಕಣಕಣದಲ್ಲೂ ಅವುಚಿಕೊಂಡು ಮಳೆಗಾಗಿ ಕಾದಿತ್ತು. ದೊಡ್ಡ ಬಂಡೆಯನ್ನು ಹಾಳೆ ಹಾಳೆಯಾಗಿ ಬಿಡಿಸುವುದನ್ನು ದಿನವೂ ನೋಡಿದವನು ನಾನು. ಇಂಥ ಕೆಲಸ ನೋಡಿರಲಿಲ್ಲ. ಹೊಲದಲ್ಲೇ ಚಪ್ಪಲಿ ಬಿಟ್ಟು ನಿಂತೆ.

ಆದ್ದರಿಂದ ಓದುಗರೇ, ನೆಲ ಹಸಿಯಿದ್ದಾಗಲೇ ಹೊಡೆಯಿರಿ. ಹರಳು ಬೆರೆತ ಗರಸು ಮಣ್ಣು ಎರೆಯಷ್ಟು ಹಿಡಿಯುವುದಿಲ್ಲ. ಎರಡಕ್ಕೂ ಒಂದೇ ಅಳತೆ ಬೇಡ. ಕಸ ಸಾಯಲಿಲ್ಲವೆಂದು ಮೇಲೆ ಮೇಲೆ ಹೊಡೆಯಬೇಡಿ. ಮರುಬಿತ್ತನೆಗೆ ಮುಂಚೆ ಹೊಲದ ಮಣ್ಣನ್ನು ಡಬ್ಬದಲ್ಲಿ ತುಂಬಿ, ಹತ್ತು ಕಾಳು ಊರಿ, ನೆಟ್ಟಗೆ ಮೊಳೆಯುತ್ತವೋ ನೋಡಿ. ನಮ್ಮ ಡಬ್ಬ ಅಂಗಳದಲ್ಲಿದೆ. ದೂರದಿಂದ ನೋಡಲು ನನಗೆ ನೀಲಮ್ಮನ ಅನುಮತಿಯಿದೆ.