ಸರ್ಕಾರದ ಖರ್ಚಲ್ಲಿ ಅವ್ವ ಲಾರಿ ಕಲಿಯೋಕೆ ಹೋಗಿದ್ದು

ಕಲಿಯೋರ ಕೈಗೆ ಲಾರಿ ಕೊಟ್ಮೇಲೆ ದಿನಕ್ಕೊಂದು ತಮಾಷೆ ತಾನಾಗೇ ಆಗುತ್ತೆ, ಯಾರೂ ಕಷ್ಟಪಡಬೇಕಾಗಿಲ್ಲ. ನಮ್ಮವ್ವ ಲಾರಿ ಕಲಿಯೋಕೆ ಹೋದ ಆ ಒಂದು ತಿಂಗಳು ನಾನು ಜೊತೇಲೇ ಇದ್ದೆ. ಇದನ್ನೆಲ್ಲ ಇದುವರೆಗೂ ಯಾರಿಗೂ ಹೇಳಿಲ್ಲ. ನಾಲ್ಕು ಜನ ಸೇರಿದ್ರೆ ನಾನು ಪುಸ್ತಕದೊಳಗೆ ಮುಖ ಇಟ್ಕೊಂಡು ಕೂತುಬಿಡೋಳು. ಧೈರ್ಯ ಮಾಡಿ ಬಾಯಿ ತೆಗೆಯೋ ಹೊತ್ತಿಗೆ ಎಲ್ಲರೂ ಬೇರೆ ಮಾತಿಗೆ ಹೋಗಿರ್ತಾರೆ. ಬರೆಯೋವಾಗ ಮಾತ್ರ ಯಾರೂ ಅಡ್ಡ ಬಾಯಿ ಹಾಕಲ್ಲ.

ಎರಡು ವರ್ಷದ ಹಿಂದಿನ ಮಾತು. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿತ್ತು. ನಮ್ಮೂರು ಬೇಗೂರು. ಅವ್ವ ಲಗೇಜ್ ಆಟೋದಲ್ಲಿ ಹೊಲಹೊಲ ಸುತ್ತಿ ಚೆಂಡುಹೂವು ತುಂಬ್ಕೊಂಡು ಗುಂಡ್ಲುಪೇಟೆ ಮಂಡಿಗೆ ಹಾಕೋಳು. ಮಂಡಿ ಯಜಮಾನ್ರು ಒಂದಿನ ಅಂದ್ರು, "ಅಕ್ಕಾ, ಓಣಂ ಸೀಸನ್ನಿಗೆ ಕೇರಳಕ್ಕೆ ಹೂವು ಕಳ್ಸಕ್ಕೆ ಹೊಸ ಲಾರಿ ತರ್ತಾವ್ನಿ. ಅಷ್ಟ್ರಲ್ಲಿ ಹೆವಿ ಲೈಸೆನ್ಸ್ ಮಾಡುಸ್ಕೊಂಡ್ರೆ ಸ್ಟೇರಿಂಗು ನಿಂದೇಯ. ಇಲ್ಲಾಂದ್ರೆ ಬೇರೆಯವ್ರನ್ನ ನೋಡ್ಕತೀನಿ."

ಅದೇ ಹೊತ್ತಿಗೆ ಗುಂಡ್ಲುಪೇಟೆಲಿ ಸರ್ಕಾರದ ದುಡ್ಡಲ್ಲಿ ಲಾರಿ ಕಲಿಸ್ತಾರೆ ಅಂತ ಸುದ್ದಿ ಬಂತು. ಪಾಠ ಫ್ರೀ, ಡೀಸೆಲ್ ಫ್ರೀ, ಮಧ್ಯಾಹ್ನ ಊಟ ಫ್ರೀ, ಕೊನೇಲಿ ಚಾಮರಾಜನಗರದಲ್ಲಿ ಟೆಸ್ಟೂ ಫ್ರೀ. ಆದ್ರೆ ಟೆಸ್ಟು ಒಂದೇ ಸಲ. ಫೇಲಾದ್ರೆ ಇನ್ನೊಂದು ವರ್ಷ ಕಾಯ್ಬೇಕು.

"ಒಂದ್ ವರ್ಷ ಬುಟ್ಟು ಓದ್ರೆ ಲಾರಿ ಇರ್ತದೆ ಕಣಮ್ಮಿ, ನನ್ ಸೀಟಲ್ಲಿ ಇನ್ನೊಬ್ಬ ಕುಂತಿರ್ತಾನೆ" ಅಂದ್ಲು ಅವ್ವ. ಅವತ್ತೇ ಅರ್ಜಿ ತಗೊಂಡು ಹೊರಟ್ವಿ.

ಅನುಭವ

ಅರ್ಜಿ ತಗೊಳ್ಳೋ ಗುಮಾಸ್ತರು ಅವ್ವನ್ನ ದಾಟಿ ಹಿಂದಕ್ಕೆ ನೋಡಿದ್ರು.

"ಕಲಿಯೋರು ಎಲ್ಲಮ್ಮಾ?"

"ನಾನೇಯ ಸಾ."

"ಯಜಮಾನ್ರು?"

"ಮನೇಲಿ ಎಮ್ಮೆ ನೋಡ್ಕತಾವ್ರೆ."

ಅವರು ಕನ್ನಡಕ ಸರಿ ಮಾಡ್ಕೊಂಡು, "ಹಿಂದೆ ಗಾಡಿ ಓಡ್ಸಿರೋ ಅನುಭವ ಇದ್ಯಾ? ಲೋಡ್ ಎಷ್ಟು ಹಾಕ್ತಿದ್ರಿ?" ಅಂದ್ರು.

ಅವ್ವಂಗೆ ಆಫೀಸಲ್ಲಿ ಸುಳ್ಳು ಹೇಳೋಕೆ ಬರಲ್ಲ. "ಲಗೇಜ್ ಆಟೋ ಸಾ. ಸೀಸನ್ನಲ್ಲಿ ಮೂವತ್ತು ಮೂಟೆ. ಮೂಟೆ ಮ್ಯಾಲೆ ಹೂ ಬುಡ್ಸೋ ಹೆಂಗುಸ್ರು ಮೂರು ಜನ. ಹಿಂದ್ಗಡೆ ಹಗ್ಗ ಹಾಕಿ ಒಂದ್ ಸೈಕಲ್ಲು. ಮುಂದ್ಗಡೆ ನಾನು, ಪಕ್ಕದಲ್ಲಿ ಇವ್ಳು, ಇವಳ ತೊಡೆ ಮ್ಯಾಲೆ..."

ನಾನು ಸೆರಗು ಎಳೆದೆ. ಅಷ್ಟೊತ್ತಿಗೆ ಗುಮಾಸ್ತರ ಪೆನ್ನು ನಿಂತುಹೋಗಿತ್ತು.

"ಅಮ್ಮಾ, ನೀವು ಓಡಿಸ್ತಿರೋದು ಲಾರಿನೇ. ಆ ಗಾಡಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ."

ಎಡಗಡೆ ಬಾಗಿಲು

ಬ್ಯಾಚಲ್ಲಿ ಹದಿನಾರು ಗಂಡಸರು, ಅವ್ವ ಒಬ್ಬಳು. ಕಲಿಸೋರು ಬಸ್ ಓಡಿಸಿ ರಿಟೈರ್ ಆದೋರು. ಎಲ್ರೂ ಅವರನ್ನ ಮೇಷ್ಟ್ರೇ ಅಂತಿದ್ರು. ಎಲ್ರಿಗೂ ಒಂದೊಂದು ಖಾಕಿ ಶರ್ಟು ಕೊಟ್ರು. ಅವ್ವ ಅದನ್ನ ಸೀರೆ ಮೇಲೆ ಹಾಕ್ಕೊಂಡು ತೋಳು ನಾಲ್ಕು ಮಡಿಕೆ ಮಡಚಿದ್ರೂ ಬೆರಳು ಹೊರಗೆ ಬರಲಿಲ್ಲ.

ಹದಿನಾರು ಜನಾನೂ ಮುಖದಲ್ಲಿ ಒಂಥರಾ ನಗು ಇಟ್ಕೊಂಡೇ ಅವ್ವನ್ನ ನೋಡ್ತಿದ್ರು. ಅವರೆಲ್ಲ ಎಂಟು ಹತ್ತು ವರ್ಷ ಲಾರೀಲಿ ಕ್ಲೀನರ್ ಆಗಿದ್ದೋರು. "ಅಕ್ಕಾ, ಇದು ಆಟೋ ಅಲ್ಲ ಕಣಕ್ಕಾ, ಹತ್ತಕ್ಕೇ ಏಣಿ ಬೇಕು" ಅಂದ ಒಬ್ಬ.

ಮೇಷ್ಟ್ರು ಸೀಟಿ ಊದಿ, "ಎಲ್ಲಾ ಡ್ರೈವರುಗಳೂ ಗಾಡಿ ಬಾಗ್ಲಿಗೆ ಹೋಗಿ ನಿಂತ್ಕಳಿ!" ಅಂದ್ರು.

ಹದಿನಾರು ಜನ ಓಡಿದ್ರು. ಹದಿನಾರೂ ಜನ ಎಡಗಡೆ ಬಾಗಿಲಿಗೆ. ವರ್ಷಗಟ್ಲೆ ಕ್ಲೀನರ್ ಬಾಗಿಲಲ್ಲೇ ಹತ್ತಿಳಿದಿದ್ದ ಕಾಲು, ಕೇಳದೇ ಅಲ್ಲಿಗೇ ಕರ್ಕೊಂಡು ಹೋಗಿತ್ತು. ಸ್ಟೇರಿಂಗ್ ಇರೋ ಬಲಗಡೆ ಬಾಗಿಲಲ್ಲಿ ಅವ್ವ ಒಬ್ಬಳೇ, ಖಾಕಿ ತೋಳು ಜೋಲಾಡಿಸ್ಕೊಂಡು ನಿಂತಿದ್ಲು.

ಮೇಷ್ಟ್ರು ಲಾರಿ ಸುತ್ತ ಒಂದು ಪ್ರದಕ್ಷಿಣೆ ಬಂದು ಹೇಳಿದ್ರು, "ಲಾರಿ ಕಲಿಯಕ್ಕೆ ಬಂದಿರೋದು ಒಬ್ಳೇಯ. ಮಿಕ್ಕೋರೆಲ್ಲಾ ಡ್ರಾಪ್ ಕೇಳಕ್ಕೆ ಬಂದವ್ರೆ."

ಯಾವ ಆನೆ

ಅವ್ವ ಓದೋದು ನಿಧಾನ. ಅದಕ್ಕೆ ಪಾಠದ ಪುಸ್ತಕ ಓದಿ ಹೇಳೋಕೆ ನಾನು ಹಿಂದಿನ ಬೆಂಚಲ್ಲಿ ಕೂರಬಹುದು ಅಂತ ಮೇಷ್ಟ್ರು ಒಪ್ಪಿದ್ರು. ಎರಡೇ ದಿನಕ್ಕೆ ಹದಿನಾರು ಜನಾನೂ ಹಿಂದಕ್ಕೆ ತಿರುಗಿ ಕೂತ್ರು. "ಜೋರಾಗಿ ಓದಮ್ಮಿ, ನಮ್ಗೂ ಕೇಳ್ಲಿ." ಶಾಲೇಲಿ ಹಾಜರಿಗೆ 'ಯೆಸ್ ಮಿಸ್' ಅನ್ನೋಕೂ ನಾಚೋ ನಾನು, ಬ್ರೇಕು ಕ್ಲಚ್ಚು ಅಂತ ಮೀಸೆ ಹೊತ್ತವರಿಗೆಲ್ಲ ಓದಿ ಹೇಳ್ತಿದ್ದೆ. ಕಿವಿ ಸುಡ್ತಿತ್ತು. ಆದ್ರೂ ಬೆಳಗ್ಗೆ ಆಗೋದನ್ನೇ ಕಾಯ್ತಿದ್ದೆ.

ಒಂದಿನ ಮೇಷ್ಟ್ರು ಕೇಳಿದ್ರು, "ಬಂಡೀಪುರ ರೋಡಲ್ಲಿ ಹೋಯ್ತಿದ್ದೀರಿ. ಮುಂದೆ ಆನೆ ನಿಂತದೆ. ಏನ್ ಮಾಡ್ತೀರಿ?"

ಕಾಡಂಚಿನ ಹಂಗಳ ಊರಿನವನೊಬ್ಬ ಎದ್ದು ನಿಂತು ಕೇಳಿದ, "ಯಾವಾನೆ ಸಾ?"

"ಯಾವುದೋ ಒಂದಾನೆ ಕಣಯ್ಯಾ!"

"ಹಂಗಂದ್ರೆ ಹೆಂಗೆ ಸಾ? ಮರಿ ಜೊತೇಲಿರೋದಾದ್ರೆ ದೂರದಲ್ಲೇ ನಿಲ್ಲಿಸ್ಕಬೇಕು. ಒಂಟಿ ಸಲಗ ಆದ್ರೆ ಉಸಿರು ಬುಡ್ದೆ ಕುಂತ್ಕಬೇಕು. ಕಿವಿ ಹರ್ದಿರೋದು ಒಂದದೆ, ಪಾಪದ್ದು, ನಮ್ ಬಾಳೆ ತೋಟಕ್ಕೆ ಬತ್ತದೆ. ಅದಾದ್ರೆ ತಾನೇ ಪಕ್ಕಕ್ಕೆ ಹೋಯ್ತದೆ, ನಮ್ಮನೆಯೋರ್ನ ಕಂಡ್ರೆ ಅದಕ್ಕೆ ನಾಚ್ಕೆ."

ಮೇಷ್ಟ್ರು ಪುಸ್ತಕ ತಿರುವಿದ್ರು. ಅದರಲ್ಲಿ 'ಹಾರ್ನ್ ಮಾಡಬೇಡಿ, ಕಾಯಿರಿ' ಅಂತ ಒಂದೇ ಸಾಲು ಇತ್ತು. ಪುಸ್ತಕ ಮುಚ್ಚಿ, ಸೀಮೆಸುಣ್ಣ ಹಂಗಳದವನ ಕೈಗಿಟ್ಟು, ಬಂದು ನನ್ನ ಪಕ್ಕ ಬೆಂಚಲ್ಲಿ ಕೂತ್ರು. "ಬರ್ಕೊಳ್ಳಮ್ಮಿ. ನಾನೂ ನಿನ್ ನೋಡ್ಕೊಂಡು ಬರ್ಕತೀನಿ."

ಬೋರ್ಡಲ್ಲಿ ಬರ್ದೈತಲ್ಲ

ಮೂರನೇ ವಾರ ಹೈವೇಗೆ ಇಳಿದ್ವಿ. ಬೇಗೂರಿಂದ ಗುಂಡ್ಲುಪೇಟೆಗೆ ಅವ್ವನೇ ಓಡಿಸ್ಬೇಕು. ಮೇಷ್ಟ್ರು ಅವಳ ಪಕ್ಕ, ನಾವೆಲ್ಲ ಲಾರಿ ಹಿಂದೆ ಹಾಕಿದ್ದ ಬೆಂಚಲ್ಲಿ. ಅವ್ವ ಎಷ್ಟು ಚೆನ್ನಾಗಿ ಓಡಿಸಿದ್ಲು ಅಂದ್ರೆ, ಮೇಷ್ಟ್ರಿಗೆ ಗಾಳಿಗೆ ಹಾಗೇ ಕಣ್ಣು ಹತ್ತಿತು.

ಲಗೇಜ್ ಆಟೋ ಓಡಿಸಿದೋರಿಗೆ ಒಂದು ಅಭ್ಯಾಸ. ರೋಡ್ ಪಕ್ಕ ಯಾರಾದ್ರೂ ಕೈ ಎತ್ತಿದ್ರೆ ಬ್ರೇಕ್ ಮೇಲೆ ಕಾಲು ತಾನಾಗೇ ಹೋಗುತ್ತೆ. ಅವ್ವ ಮೂರು ಕಡೆ ನಿಲ್ಲಿಸಿದ್ಲು. ಎಂಟು ಹತ್ತು ವರ್ಷದ ಕ್ಲೀನರ್ ಅಭ್ಯಾಸಕ್ಕೆ ನಮ್ಮೋರೂ ಕೆಳಗಿಳಿದು, ಕೈ ಕೊಟ್ಟು ಹತ್ತಿಸ್ಕೊಂಡು, ಲಾರಿ ಮೈ ತಟ್ಟಿ 'ರೈಟ್' ಅಂದ್ರು. ತಪ್ಪು ಅಂತ ಒಬ್ಬರಿಗೂ ಹೊಳೀಲಿಲ್ಲ. ನಂಗೆ ಹೊಳೀತು, ಆದ್ರೆ ಹೇಳೋಕೆ ನಾಚಿಕೆ.

ಗುಂಡ್ಲುಪೇಟೆಲಿ ಮೇಷ್ಟ್ರು ಇಳಿದು ಹಿಂದಕ್ಕೆ ಬಂದ್ರೆ, ಮೂರು ಜನ ಅಜ್ಜೀರು, ಒಂದು ಮೇಕೆ.

"ಇದು ಟ್ರೈನಿಂಗ್ ಗಾಡಿ ಕಣವ್ವಾ! ಯಾರ್ ಹತ್ತು ಅಂದಿದ್ದು?"

ಒಬ್ಬ ಅಜ್ಜಿ ನಿಧಾನಕ್ಕೆ ಇಳಿದು, ಲಾರಿ ಮೈ ಮೇಲಿನ ಬೋರ್ಡ್ ತೋರಿಸಿದ್ಲು. 'ಸರ್ಕಾರದ ವತಿಯಿಂದ ಉಚಿತ' ಅಂತ ದಪ್ಪಕ್ಕೆ ಬರೆದಿತ್ತು. 'ಚಾಲನಾ ತರಬೇತಿ' ಅನ್ನೋದು ಕೆಳಗೆ ಸಣ್ಣಕ್ಕಿತ್ತು. ಆಮೇಲೆ ಎಲೆಅಡಿಕೆ ಚೀಲದಿಂದ ಆಧಾರ್ ಕಾರ್ಡ್ ತೆಗೆದು ಮೇಷ್ಟ್ರ ಕೈಗಿಟ್ಲು.

"ಬಸ್ಸಲ್ಲೂ ಹಿಂಗೇ ತಾನೇ? ನನ್ ಟಿಕೀಟ್ ಹರ್ಕೊಡಪ್ಪ. ಮ್ಯಾಕೆದು ಮಾತ್ರ ದುಡ್ಡು ತಗೋ, ಅದು ಗಂಡು."

ಈಗಲೂ ಆ ರೋಡಲ್ಲಿ ಬಸ್ಸಲ್ಲಿ ಕಾಲೇಜಿಗೆ ಹೋಗ್ತಾ ಕಿಟಕೀಲಿ ನೋಡ್ತೀನಿ. ಲಾರಿ ನಿಲ್ಲಿಸ್ತಿದ್ದ ಗ್ರೌಂಡಿಗೆ ಬೇಲಿ ಹಾಕಿದ್ದಾರೆ. ಆ ತಿಂಗಳು ಅವ್ವನ ಮೈಯೆಲ್ಲ ಡೀಸೆಲ್ಲು, ಚೆಂಡುಹೂವು ಎರಡೂ ಸೇರಿದ ವಾಸನೆ. ವಾಪಸ್ ಬರೋ ಬಸ್ಸಲ್ಲಿ ನನ್ನ ಹೆಗಲ ಮೇಲೆ ತಲೆ ಇಟ್ಟು, ನಿದ್ದೇಲೇ ಎಡಗಾಲಲ್ಲಿ ಕ್ಲಚ್ ತುಳೀತಿದ್ಲು.

ಬಾಯಿ ಬಿಟ್ರೆ ಫೇಲ್

ಚಾಮರಾಜನಗರದಲ್ಲಿ ಟೆಸ್ಟು. ಇನ್‌ಸ್ಪೆಕ್ಟರ್ ಸಾಹೇಬ್ರು ಇಸ್ತ್ರಿ ಮುರೀದ ಬಟ್ಟೇಲಿ ಜೀಪಿಂದ ಇಳಿದ್ರು. ಎರಡು ಸಾಲು ಕಂಬ ನೆಟ್ಟಿದ್ರು. ಅದರ ಮಧ್ಯಕ್ಕೆ ಲಾರೀನ ರಿವರ್ಸಲ್ಲಿ ತಂದು ನಿಲ್ಲಿಸ್ಬೇಕು.

"ಹೊರಗಿಂದ ಒಬ್ರು ಬಾಯಿ ಬಿಟ್ಟು ದಾರಿ ಹೇಳ್ಕೊಟ್ರೂ ಒಳಗಿರೋರು ಫೇಲ್!" ಅಂತ ಗುಡುಗಿದ್ರು.

ಮೇಷ್ಟ್ರ ಮುಖ ಬಿಳುಚ್ಕೊಂಡಿತು. ನಮ್ ಕಡೆ ಯಾವುದಾದ್ರೂ ಗಾಡಿ ಹಿಂದಕ್ಕೆ ಬರ್ತಿದ್ರೆ, ದಾರೀಲಿ ಹೋಗೋನೂ ನಿಂತು ಮೈ ತಟ್ಟಿ 'ಬರ್ಲಿ ಬರ್ಲಿ' ಅನ್ನದೇ ಮುಂದಕ್ಕೆ ಹೋಗಲ್ಲ. ಅದು ರಕ್ತದಲ್ಲೇ ಇದೆ. ಮೇಷ್ಟ್ರು ಅಂಗಡಿಗೆ ಓಡಿ ಕಡ್ಲೆಮಿಠಾಯಿ ತಂದು, ಹದಿನಾರು ಬಾಯಿಗೂ ಇಡಿಯಿಡಿಯಾಗಿ ತುರುಕಿದ್ರು.

"ಹೆಂಗಸ್ರು ಮೊದ್ಲು" ಅಂದ್ರು ಸಾಹೇಬ್ರು.

ಅವ್ವ ಹತ್ತಿದ್ಲು. ನನಗೆ ಕಣ್ಣು ಬಿಡೋಕೂ ಭಯ, ಮುಚ್ಚೋಕೂ ಭಯ. ಲಾರಿ ಹಿಂದಕ್ಕೆ ಬಂತು. ಸದ್ದೇ ಇಲ್ಲ, ಮಿಠಾಯಿ ಅಗಿಯೋದು ಬಿಟ್ರೆ. ಸಾಹೇಬ್ರು ಕಾಗದ ಹಿಡ್ಕೊಂಡು ಲಾರಿ ಹಿಂದೆ ನಿಂತಿದ್ರು. ಲಾರಿ ಹತ್ತಿರ ಹತ್ತಿರ ಬಂದ ಹಾಗೆ ಅವರ ಕೈ ಮೆಲ್ಲಗೆ ಮೇಲಕ್ಕೆ ಹೋಯ್ತು. ಆಮೇಲೆ ಧಬ್ ಧಬ್ ಅಂತ ಲಾರಿ ಮೇಲೆ ಬಿತ್ತು.

"ಬರ್ಲಿ... ಬರ್ಲಿ... ರೈಟ್ ಕಟ್ ಮಾಡವ್ವಾ... ಹಾಂ, ಬರ್ಲಿ... ಹೋಲ್ಡಾನ್!"

ಲಾರಿ ನಿಂತಿತು. ಅವ್ವ ಕಿಟಕೀಲಿ ತಲೆ ಹಾಕಿ, ಅಳೋ ದನೀಲಿ ಕೇಳಿದ್ಲು, "ಸಾ, ಈಗ ನಾನು ಫೇಲಾ?"

ಸಾಹೇಬ್ರು ತಮ್ಮ ಕೈನ ಬೇರೆ ಯಾರದೋ ಕೈ ಥರ ನೋಡ್ಕೊಂಡ್ರು. ಮೇಷ್ಟ್ರು ಆಕಾಶ ನೋಡಿದ್ರು.

"ಇದು ಲೆಕ್ಕಕ್ಕಿಲ್ಲ. ಇನ್ನೊಂದ್ಸಲ ಮಾಡಮ್ಮಾ" ಅಂತ ಹೇಳಿ, ತಮ್ಮ ಮೇಲೆ ತಮಗೇ ನಂಬಿಕೆ ಇಲ್ಲದೆ, ಹೋಗಿ ಜೀಪಲ್ಲಿ ಕೂತು ಗಾಜು ಏರಿಸ್ಕೊಂಡ್ರು. ಜೀಪ್ ಡ್ರೈವರ್ರು ಎಂಜಿನ್ ಆನಲ್ಲೇ ಇಟ್ಕೊಂಡು ತೂಕಡಿಸ್ತಿದ್ದ.

ಅವ್ವ ಲಾರಿ ಮುಂದಕ್ಕೆ ತಗೊಂಡು ಮತ್ತೆ ರಿವರ್ಸ್ ಹಾಕಿದ್ಲು. ಗಾಜಿನೊಳಗೆ ಸಾಹೇಬ್ರ ಬಾಯಿ ಆಡ್ತಿರೋದು ಕಾಣ್ತಿತ್ತು. ಕೈ ಡ್ಯಾಶ್‌ಬೋರ್ಡ್ ತಟ್ತಿತ್ತು. ಅವ್ವ ಒಂದು ಕಂಬಕ್ಕೂ ತಾಗಿಸದೆ, ಗೆರೆ ಎಳೆದ ಹಾಗೆ ಮಧ್ಯಕ್ಕೆ ತಂದು ನಿಲ್ಲಿಸಿದ್ಲು.

ಆದ್ರೆ 'ಬರ್ಲಿ ಬರ್ಲಿ' ಜೊತೆ ತಟ್ಟೋ ಸದ್ದು ಕಿವಿಗೆ ಬಿದ್ದ ಜೀಪ್ ಡ್ರೈವರ್ರು, ನಿದ್ದೆಗಣ್ಣಲ್ಲೇ ರಿವರ್ಸ್ ಹಾಕಿದ್ದ. ಜೀಪು ಸುಯ್ಯಂತ ಹಿಂದಕ್ಕೆ ಹೋಗಿ ಮೋರಿಗೆ ಒಂದು ಚಕ್ರ ಇಳಿಸಿ ನಿಂತಿತು.

ಸಾಹೇಬ್ರು ವಾಲಿದ ಜೀಪಿಂದ ಹೆಂಗೋ ಇಳಿದು ಬಂದ್ರು. ಯಾರ ಮುಖಾನೂ ನೋಡದೆ ಅವ್ವನ ಕಾಗದದ ಮೇಲೆ 'ಪಾಸ್' ಅಂತ ಬರೆದು ಸೈನ್ ಹಾಕಿದ್ರು. ಆಮೇಲೆ ಅವಳ ಹತ್ತಿರ ಬಗ್ಗಿ, ಮೆತ್ತಗೆ ಕೇಳಿದ್ರು.

"ಅಮ್ಮಾ, ಆ ಜೀಪ್ ಒಂಚೂರು ಮೇಲಕ್ಕೆ ತೆಗ್ದುಕೊಡ್ತೀರಾ?"